ಅಕ್ಷರದ ಮೇಲಿನ ಚುಕ್ಕೆ: ಆರ್‌ಎನ್‌ಎ ಗುರುತುಗಳನ್ನು ಪ್ರಯೋಗಾಲಯದಲ್ಲಿ ಪತ್ತೆಹಚ್ಚುವ ಬಗೆ

ವಾರ್ಷಿಕ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ



ವಿಜ್ಞಾನದ ಒಂದು ವಿಷಯವನ್ನು ಎಲ್ಲರಿಗೂ ತಿಳಿಯುವ ಹಾಗೆ ಹೇಳಬೇಕು ಎಂದು ನನಗೆ ತಿಳಿಸಲಾಗಿತ್ತು. ನಾನು ಆರಿಸಿಕೊಂಡಿರುವ ವಿಷಯದ ಹೆಸರು ಸ್ವಲ್ಪ ಭಾರ: ಆರ್‌ಎನ್‌ಎ ಮೇಲಿನ ರಾಸಾಯನಿಕ ಗುರುತುಗಳು. ಹೆಸರು ಕೇಳಿ ಗಾಬರಿಯಾಗಬೇಡಿ. ನಾನು ಉತ್ತರ ಹೇಳಲು ಹೊರಟಿರುವುದು ಎರಡೇ ಪ್ರಶ್ನೆಗಳಿಗೆ. ಕಣ್ಣಿಗೆ ಕಾಣದಷ್ಟು ಚಿಕ್ಕದಾದ ಒಂದು ಗುರುತನ್ನು ಪ್ರಯೋಗಾಲಯದಲ್ಲಿ ಹೇಗೆ ಕಾಣುತ್ತಾರೆ? ಕಂಡದ್ದು ನಿಜವೋ, ಭ್ರಮೆಯೋ ಎಂದು ಹೇಗೆ ತೀರ್ಮಾನಿಸುತ್ತಾರೆ? ಎರಡನೆಯ ಪ್ರಶ್ನೆಯೇ ಕಷ್ಟದ್ದು. ವಿಜ್ಞಾನ ಓದಲು ಹೊರಟಿರುವ ಮಕ್ಕಳೂ, ಅವರನ್ನು ಓದಿಸುತ್ತಿರುವವರೂ ಅದನ್ನು ತಿಳಿದಿರಬೇಕು ಎಂಬುದು ನನ್ನ ಆಸೆ.

ಗುರುತು ಎಂದರೇನು?

ನಮ್ಮ ದೇಹದ ಬಹುಪಾಲು ಜೀವಕೋಶಗಳಲ್ಲಿ ಡಿಎನ್‌ಎ ಇದೆ ಎಂಬುದು ಹೈಸ್ಕೂಲು ಪಾಠದಲ್ಲೇ ಬರುತ್ತದೆ. ಅದನ್ನು ಮನೆಯ ಮೂಲ ಪತ್ರ ಎಂದುಕೊಳ್ಳಿ. ಮೂಲ ಪತ್ರವನ್ನು ಯಾರೂ ಪೆಟ್ಟಿಗೆಯಿಂದ ಹೊರಗೆ ತೆಗೆದು ಓಡಾಡಿಸುವುದಿಲ್ಲ. ಕೆಲಸಕ್ಕೆ ಬೇಕಾದ ಭಾಗದ ನಕಲು ತೆಗೆದು ಕೊಡುತ್ತಾರೆ. ಆ ನಕಲೇ ಆರ್‌ಎನ್‌ಎ. ಅದರಲ್ಲಿ ನಾಲ್ಕು ಅಕ್ಷರಗಳು: ಎ, ಯು, ಜಿ, ಸಿ. ಕೆಲವು ಆರ್‌ಎನ್‌ಎಗಳು ಸಂದೇಶ ಒಯ್ಯುತ್ತವೆ. ಇನ್ನು ಕೆಲವು ತಾವೇ ಯಂತ್ರದ ಭಾಗಗಳಾಗಿ ಕೆಲಸ ಮಾಡುತ್ತವೆ. ನಮ್ಮ ದೇಹದಲ್ಲಿ ಪ್ರೋಟೀನು ತಯಾರಿಸುವ ರೈಬೋಸೋಮ್ ಅಂಥದೊಂದು ಯಂತ್ರ.

ನಾಲ್ಕೇ ಅಕ್ಷರ ಎಂದೆ. ಆದರೆ ನಕಲು ತಯಾರಾದ ಮೇಲೆ ಜೀವಕೋಶದ ಕಿಣ್ವಗಳು ಆ ಅಕ್ಷರಗಳ ಮೇಲೆ ಸಣ್ಣ ಸಣ್ಣ ಗುರುತುಗಳನ್ನು ಹಾಕುತ್ತವೆ. ಕೆಲವೊಮ್ಮೆ ಒಂದು ಕಾರ್ಬನ್, ಮೂರು ಹೈಡ್ರೋಜನ್ ಸೇರಿದ ಮೀಥೈಲ್ ಎಂಬ ಪುಟ್ಟ ತುಂಡನ್ನು ಅಂಟಿಸುತ್ತವೆ. ಕೆಲವೊಮ್ಮೆ ಅಕ್ಷರವನ್ನೇ ತಿರುಗಿಸಿ ಕೂರಿಸುತ್ತವೆ. ಇಂಥ ಗುರುತುಗಳು ಈವರೆಗೆ 150ಕ್ಕೂ ಹೆಚ್ಚು ಬಗೆಯವು ಗೊತ್ತಾಗಿವೆ.

ಉರ್ದು ಓದಬಲ್ಲವರಿಗೆ ಇದನ್ನು ವಿವರಿಸುವುದು ಸುಲಭ. ಬೇ, ಪೇ, ತೇ ಅಕ್ಷರಗಳ ಮೈಕಟ್ಟು ಒಂದೇ. ಕೆಳಗೆ ಒಂದು ಚುಕ್ಕೆಯಿದ್ದರೆ ಬೇ, ಮೂರಿದ್ದರೆ ಪೇ, ಮೇಲೆ ಎರಡಿದ್ದರೆ ತೇ. ಒಂದು ಚುಕ್ಕೆ ಮೇಲಿನಿಂದ ಕೆಳಗಿಳಿದರೆ ‘ಖುದಾ’ ಎಂಬುದು ‘ಜುದಾ’ ಆಗಿಬಿಡುತ್ತದೆ. ಕನ್ನಡದಲ್ಲೂ ಹಾಗೆಯೇ. ‘ದಂಡ’ ಎಂಬ ಪದದ ಸೊನ್ನೆ ಬಿಟ್ಟುಹೋದರೆ ‘ದಡ’ ಉಳಿಯುತ್ತದೆ. ಅಕ್ಷರ ಬದಲಾಗಿಲ್ಲ, ಚುಕ್ಕೆ ಬದಲಾಗಿದೆ, ಅರ್ಥ ಪೂರ್ತಿ ಬೇರೆಯಾಗಿದೆ. ಆರ್‌ಎನ್‌ಎ ಮೇಲಿನ ಗುರುತುಗಳೂ ಇಂಥ ಚುಕ್ಕೆಗಳೇ.

ಜಿಲ್ಲಾಸ್ಪತ್ರೆಯ ತಟ್ಟೆಯಲ್ಲಿ ಕಾಣುವ ‘ಡಿ’

ಈ ಚುಕ್ಕೆಗಳಿಂದ ನಮಗೇನಾಗಬೇಕು ಎಂದು ಕೇಳಬಹುದು. ಒಂದು ಉದಾಹರಣೆ ಕೊಡುತ್ತೇನೆ. ಮಗುವಿಗೆ ಕುರು ಎದ್ದು ಕೀವು ತುಂಬಿದೆ. ವೈದ್ಯರು ಕೀವನ್ನು ಲ್ಯಾಬಿಗೆ ಕಳಿಸುತ್ತಾರೆ. ಅಲ್ಲಿ ಸ್ಟೆಫೈಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಸಿಗುತ್ತದೆ. ಅದನ್ನು ತಟ್ಟೆಯ ಮೇಲೆ ಬೆಳೆಸಿ, ಯಾವ ಔಷಧಿಗೆ ಸಾಯುತ್ತದೆ ಎಂದು ನೋಡುತ್ತಾರೆ. ಔಷಧಿ ಸವರಿದ ಕಾಗದದ ಬಿಲ್ಲೆ ಇಟ್ಟರೆ ಅದರ ಸುತ್ತ ಬ್ಯಾಕ್ಟೀರಿಯಾ ಬೆಳೆಯದೆ ದುಂಡಗಿನ ಖಾಲಿ ಜಾಗ ಕಾಣಬೇಕು.

ಎರಿತ್ರೋಮೈಸಿನ್ ಬಿಲ್ಲೆಯನ್ನೂ ಕ್ಲಿಂಡಾಮೈಸಿನ್ ಬಿಲ್ಲೆಯನ್ನೂ 15ರಿಂದ 26 ಮಿಲಿಮೀಟರ್ ಅಂತರದಲ್ಲಿ ಇಡುತ್ತಾರೆ. ಕೆಲವು ಸಲ ಕ್ಲಿಂಡಾಮೈಸಿನ್ ಸುತ್ತಲಿನ ಖಾಲಿ ಜಾಗ ದುಂಡಗಿರುವುದಿಲ್ಲ. ಎರಿತ್ರೋಮೈಸಿನ್ ಕಡೆಯ ಬದಿ ಚಪ್ಪಟೆಯಾಗಿ, ಇಂಗ್ಲಿಷಿನ ‘ಡಿ’ ಅಕ್ಷರದಂತೆ ಕಾಣುತ್ತದೆ. ಇದಕ್ಕೆ ಡಿ ಟೆಸ್ಟ್ ಎಂದೇ ಹೆಸರು. ಡಿ ಕಂಡರೆ, ಒಂಟಿಯಾಗಿ ನೋಡಿದಾಗ ಕ್ಲಿಂಡಾಮೈಸಿನ್ ಕೆಲಸ ಮಾಡುವಂತೆ ಕಂಡರೂ, ಅದನ್ನು ನಂಬಬಾರದು ಎಂದರ್ಥ.

ಕಾರಣವೇನು? ಬ್ಯಾಕ್ಟೀರಿಯಾದ ರೈಬೋಸೋಮಿನಲ್ಲಿ ಸುಮಾರು 2,900 ಅಕ್ಷರಗಳ ಒಂದು ಆರ್‌ಎನ್‌ಎ ಇದೆ. ಅದರಲ್ಲಿ 2058 ಎಂದು ಗುರುತಿಸಲಾಗುವ ಜಾಗದಲ್ಲಿ ಒಂದು ‘ಎ’ ಇದೆ. ಈ ಎರಡೂ ಔಷಧಿಗಳು ಬಂದು ಕೂರುವುದು ಅದರ ಹತ್ತಿರ. ಎರಿತ್ರೋಮೈಸಿನ್ ಸುಳಿವು ಸಿಕ್ಕ ಕೂಡಲೇ ಈ ಬ್ಯಾಕ್ಟೀರಿಯಾ ಒಂದು ಕಿಣ್ವವನ್ನು ತಯಾರಿಸುತ್ತದೆ. ಆ ಕಿಣ್ವ ಆ ಒಂದೇ ಒಂದು ‘ಎ’ ಮೇಲೆ ಒಂದೋ ಎರಡೋ ಮೀಥೈಲ್ ಅಂಟಿಸುತ್ತದೆ. ಔಷಧಿಗೆ ಕೂರಲು ಜಾಗವಿಲ್ಲ. 2,900 ಅಕ್ಷರಗಳಲ್ಲಿ ಒಂದಕ್ಕೆ ಚುಕ್ಕೆ ಬಿತ್ತು, ಔಷಧಿ ವ್ಯರ್ಥವಾಯಿತು. ಎರಿತ್ರೋಮೈಸಿನ್ ನಿರೋಧಕ ಸ್ಟೆಫೈಲೊಕಾಕಸ್‌ನ ಆರ್‌ಎನ್‌ಎಯಲ್ಲಿ ಈ ಎರಡು ಮೀಥೈಲ್ ಅಂಟಿದ ‘ಎ’ ಇರುವುದನ್ನು ಲಾಯ್ ಮತ್ತು ವೈಸ್‌ಬ್ಲಮ್ ಎಂಬ ವಿಜ್ಞಾನಿಗಳು 1971ರಲ್ಲಿ ತೋರಿಸಿದರು.

ಡಿ ಟೆಸ್ಟಿಗೆ ದೊಡ್ಡ ಯಂತ್ರ ಬೇಡ, ಎರಡು ಬಿಲ್ಲೆ ಸಾಕು. ಆದರೆ ಅದು ಪರಿಣಾಮವನ್ನು ತೋರಿಸುತ್ತದೆಯೇ ಹೊರತು ಚುಕ್ಕೆಯನ್ನಲ್ಲ. ಚುಕ್ಕೆಯನ್ನೇ ನೋಡಬೇಕಾದರೆ ಆರ್‌ಎನ್‌ಎಯನ್ನು ಹೊರತೆಗೆದು ಓದಬೇಕು. ತೊಡಕು ಶುರುವಾಗುವುದು ಅಲ್ಲಿಂದ.

ನಕಲು ತೆಗೆದರೆ ಚುಕ್ಕೆ ಅಳಿಯುತ್ತದೆ

ಈಗಿನ ಹೆಚ್ಚಿನ ಸೀಕ್ವೆನ್ಸಿಂಗ್ ಯಂತ್ರಗಳು ಓದುವುದು ಡಿಎನ್‌ಎಯನ್ನು. ಆದ್ದರಿಂದ ಆರ್‌ಎನ್‌ಎಯನ್ನು ಮೊದಲು ಡಿಎನ್‌ಎ ಆಗಿ ನಕಲು ಮಾಡಿಕೊಳ್ಳಬೇಕು. ಆ ಕೆಲಸ ಮಾಡುವ ಕಿಣ್ವದ ಹೆಸರು ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್. ಅದು ಎ, ಯು, ಜಿ, ಸಿ ಗುರುತಿಸುತ್ತದೆ. ಹಲವು ಚುಕ್ಕೆಗಳನ್ನು ಗಮನಿಸುವುದೇ ಇಲ್ಲ. ನಮ್ಮ ಸಂದೇಶ ಆರ್‌ಎನ್‌ಎಯಲ್ಲಿ ಹೆಚ್ಚಾಗಿ ಸಿಗುವ ಗುರುತು ಎಂ6ಎ, ಅಂದರೆ ‘ಎ’ ಅಕ್ಷರದ ಆರನೆಯ ಜಾಗಕ್ಕೆ ಅಂಟಿದ ಮೀಥೈಲ್. ಈ ಕಿಣ್ವಕ್ಕೆ ಅದು ಬರೀ ‘ಎ’. ಹಳೆಯ ಜೆರಾಕ್ಸ್ ಯಂತ್ರದಲ್ಲಿ ಉರ್ದು ಪತ್ರ ತೆಗೆದು ಚುಕ್ಕೆಗಳೆಲ್ಲ ಮಾಯವಾದರೆ ಓದುವುದು ಹೇಗೆ? ಪ್ರಯೋಗಾಲಯದ ಎಲ್ಲ ವಿಧಾನಗಳೂ ಈ ಒಂದು ತೊಡಕಿಗೆ ಹುಡುಕಿದ ಬೇರೆ ಬೇರೆ ಪರಿಹಾರಗಳು. ಮುಖ್ಯವಾದ ನಾಲ್ಕನ್ನು ಹೇಳುತ್ತೇನೆ.

ಮೊದಲ ದಾರಿ: ಬಿಡಿಸಿ ತೂಗುವುದು

ಇದು ಎಲ್ಲಕ್ಕಿಂತ ಹಳೆಯದು. ಆರ್‌ಎನ್‌ಎಯನ್ನು ಕಿಣ್ವ ಹಾಕಿ ಒಂದೊಂದೇ ಅಕ್ಷರವಾಗಿ ಬಿಡಿಸಿ, ಬೇರ್ಪಡಿಸಿ ನೋಡುವುದು. 1951ರಲ್ಲಿ ಅಮೆರಿಕದ ಕೋನ್ ಮತ್ತು ವೋಲ್ಕಿನ್ ಹೀಗೆ ಬೇರ್ಪಡಿಸುವಾಗ ನಾಲ್ಕು ಅಕ್ಷರಗಳ ಜೊತೆಗೆ ಗುರುತು ಸಿಗದ ಇನ್ನೊಂದು ವಸ್ತು ಕಂಡಿತು. 1957ರಲ್ಲಿ ಡೇವಿಸ್ ಮತ್ತು ಆ್ಯಲನ್ ಯೀಸ್ಟಿನಲ್ಲೂ ಅದನ್ನು ಕಂಡು ಐದನೆಯ ಅಕ್ಷರ ಎಂದರು. ಅದೇ ಸ್ಯೂಡೋಯೂರಿಡಿನ್. ‘ಯು’ ಅಕ್ಷರವನ್ನು ಬಿಚ್ಚಿ, ತಿರುಗಿಸಿ, ಮತ್ತೆ ಸಕ್ಕರೆಗೆ ಕೂಡಿಸಿದಂತಿರುವ ವಸ್ತು.

1965ರಲ್ಲಿ ರಾಬರ್ಟ್ ಹಾಲಿ ಎಂಬ ವಿಜ್ಞಾನಿಯ ತಂಡ ಒಂದು ಪುಟ್ಟ ಆರ್‌ಎನ್‌ಎಯನ್ನು ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಓದಿ ಮುಗಿಸಿತು. ಆ ಆರ್‌ಎನ್‌ಎ 80 ಅಕ್ಷರವೂ ಇರಲಿಲ್ಲ. ಅದರ ಒಂದು ಗ್ರಾಮು ಪಡೆಯಲು ಅವರು ಬೇಕರಿಯಲ್ಲಿ ಬಳಸುವ ಯೀಸ್ಟನ್ನು 140 ಕಿಲೋ ಸಂಸ್ಕರಿಸಬೇಕಾಯಿತು. ಅದರಲ್ಲಿ ಸ್ಯೂಡೋಯೂರಿಡಿನ್ ಇತ್ತು, ಇನೋಸಿನ್ ಇತ್ತು, ಮತ್ತೂ ಹಲವು ಚುಕ್ಕೆ ಹೊತ್ತ ಅಕ್ಷರಗಳಿದ್ದವು. ಅಪರೂಪದ ಆ ಅಕ್ಷರಗಳೇ ದಾರಿಯ ಮೈಲಿಗಲ್ಲುಗಳಾಗಿ, ತುಂಡುಗಳನ್ನು ಸರಿಯಾದ ಕ್ರಮದಲ್ಲಿ ಜೋಡಿಸಲು ನೆರವಾದವು.

ಹಾಲಿಯವರ ಜೊತೆ 1968ರಲ್ಲಿ ನೊಬೆಲ್ ಹಂಚಿಕೊಂಡವರು ಮಾರ್ಷಲ್ ನಿರೆನ್‌ಬರ್ಗ್ ಮತ್ತು ನಮ್ಮ ನೆಲದಲ್ಲಿ ಹುಟ್ಟಿದ ಹರಗೋವಿಂದ ಖೊರಾನಾ. ಖೊರಾನಾ ಹುಟ್ಟಿದ್ದು ಈಗಿನ ಪಾಕಿಸ್ತಾನದಲ್ಲಿರುವ ರಾಯಪುರ ಎಂಬ ಹಳ್ಳಿಯಲ್ಲಿ. ಅಲ್ಲಿದ್ದವರು ಸುಮಾರು 100 ಜನ. ತಂದೆ ಪಟ್ವಾರಿ, ನಮ್ಮ ಕಡೆಯ ಶಾನುಭೋಗರಂತೆ. ಅನುಕೂಲವಂತರಲ್ಲ. ಆದರೂ ಮಕ್ಕಳನ್ನು ಓದಿಸಿದರು. ಊರಿನಲ್ಲಿ ಓದುಬರಹ ಬಲ್ಲ ಕುಟುಂಬ ಹೆಚ್ಚುಕಡಿಮೆ ಅದೊಂದೇ. 1945ರಲ್ಲಿ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಖೊರಾನಾ ಇಂಗ್ಲೆಂಡಿನ ಲಿವರ್‌ಪೂಲ್‌ಗೆ ಹೋದರು. ಹಾಲಿ ಓದಿದ ಅದೇ ಆರ್‌ಎನ್‌ಎಯ ಜೀನನ್ನು ಖೊರಾನಾ ತಂಡ 1970ರಲ್ಲಿ ರಾಸಾಯನಿಕವಾಗಿ ಕಟ್ಟಿ ತೋರಿಸಿತು. ಇಲ್ಲೊಂದು ಮಾತು ಗಮನಿಸಿ. ಜೀನಿನಲ್ಲಿ ಚುಕ್ಕೆಗಳು ಬರೆದಿರುವುದಿಲ್ಲ. ನಕಲು ತಯಾರಾದ ಮೇಲೆ ಕಿಣ್ವಗಳು ಬಂದು ಹಾಕಬೇಕು. ಆದ್ದರಿಂದ ಡಿಎನ್‌ಎ ಪೂರ್ತಿ ಓದಿದರೂ ಚುಕ್ಕೆಗಳ ವಿಷಯ ತಿಳಿಯುವುದಿಲ್ಲ, ಆರ್‌ಎನ್‌ಎಯನ್ನೇ ನೋಡಬೇಕು.

ಇಂದು ಬಿಡಿಸಿದ ಅಕ್ಷರಗಳನ್ನು ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಅತಿ ಸೂಕ್ಷ್ಮ ತಕ್ಕಡಿಯಲ್ಲಿ ತೂಗುತ್ತಾರೆ. ‘ಎ’ ಮತ್ತು ಅದರ ಸಕ್ಕರೆ ಸೇರಿ ಅಣುತೂಕದಲ್ಲಿ 267. ಒಂದು ಮೀಥೈಲ್ ಅಂಟಿದರೆ 281. ಹದಿನಾಲ್ಕರ ಈ ವ್ಯತ್ಯಾಸವೇ ಸಾಕ್ಷಿ. ಎಷ್ಟು ಗುರುತುಗಳಿವೆ ಎಂದು ಖಚಿತವಾಗಿ ಎಣಿಸಲು ಇದಕ್ಕಿಂತ ನಂಬಿಕೆಯ ವಿಧಾನವಿಲ್ಲ.

ಕೊರತೆಗಳು ಮೂರು. ಅಕ್ಷರಗಳನ್ನು ಬಿಡಿಸಿ ರಾಶಿ ಹಾಕಿದ್ದರಿಂದ ಚುಕ್ಕೆ ಯಾವ ಪದದ ಮೇಲಿತ್ತು ಎಂದು ತಿಳಿಯುವುದಿಲ್ಲ. ಎರಡನೆಯದಾಗಿ, ತೂಕ ಒಂದೇ ಇರುವ ಗುರುತುಗಳಿವೆ. ಮೀಥೈಲ್ ಮೊದಲನೆಯ ಜಾಗಕ್ಕೆ ಅಂಟಿದರೂ ಆರನೆಯ ಜಾಗಕ್ಕೆ ಅಂಟಿದರೂ 281. ‘ಯು’ ಮತ್ತು ಸ್ಯೂಡೋಯೂರಿಡಿನ್ ಎರಡೂ 244. ಅವನ್ನು ತೂಗುವ ಮೊದಲೇ ಒಂದು ಕೊಳವೆಯಲ್ಲಿ ಹರಿಸಿ, ಯಾವುದು ಮೊದಲು ಹೊರಬಂತು, ಯಾವುದು ಆಮೇಲೆ ಬಂತು ಎಂದು ನೋಡಿ ಬೇರೆ ಮಾಡಬೇಕು. ಮೂರನೆಯದು ಶುದ್ಧತೆಯ ಪ್ರಶ್ನೆ. ಜೀವಕೋಶದ ಆರ್‌ಎನ್‌ಎಯಲ್ಲಿ ಶೇಕಡಾ 80ರಷ್ಟು ರೈಬೋಸೋಮಿನದು. ಸಂದೇಶ ಒಯ್ಯುವುದು ಕೆಲವೇ ಶೇಕಡಾ. ಸರಿಯಾಗಿ ಬೇರ್ಪಡಿಸದಿದ್ದರೆ ಅಕ್ಕಪಕ್ಕದವರ ಲೆಕ್ಕವೂ ಇವರ ಖಾತೆಗೆ ಬೀಳುತ್ತದೆ.

ಎರಡನೆಯ ದಾರಿ: ಹಿಡಿದು ತರುವುದು

ಒಂದು ನಿರ್ದಿಷ್ಟ ಗುರುತಿಗೆ ಮಾತ್ರ ಅಂಟಿಕೊಳ್ಳುವ ಪ್ರತಿಕಾಯವನ್ನು ತಯಾರಿಸಬಹುದು. ಆರ್‌ಎನ್‌ಎಯನ್ನು ಸುಮಾರು 100 ಅಕ್ಷರಗಳ ತುಂಡುಗಳಾಗಿ ಮಾಡಿ, ಪ್ರತಿಕಾಯ ಬೆರೆಸಿ, ಅದು ಹಿಡಿದ ತುಂಡುಗಳನ್ನಷ್ಟೇ ಎಳೆದು ತೆಗೆದು ಓದುತ್ತಾರೆ. 2012ರಲ್ಲಿ ಇಸ್ರೇಲಿನ ಒಂದು ತಂಡ, ಅಮೆರಿಕದ ಒಂದು ತಂಡ ಪ್ರತ್ಯೇಕವಾಗಿ ಈ ವಿಧಾನ ಬಳಸಿದವು. 7,000ಕ್ಕೂ ಹೆಚ್ಚು ಜೀನುಗಳ ಸಂದೇಶಗಳಲ್ಲಿ ಎಂ6ಎ ಗುರುತು ಇದೆ ಎಂದು ತೋರಿಸಿದವು. ಸಂದೇಶ ಆರ್‌ಎನ್‌ಎಯಲ್ಲಿ ಈ ಗುರುತು ಇದೆ ಎಂಬುದು 1974ರಲ್ಲೇ ಗೊತ್ತಿತ್ತು. ಎಲ್ಲಿದೆ ಎಂಬ ನಕ್ಷೆಗಾಗಿ 38 ವರ್ಷ ಕಾಯಬೇಕಾಯಿತು.

ಈ ದಾರಿ ಬೀದಿಯನ್ನು ತೋರಿಸುತ್ತದೆ, ಮನೆ ನಂಬರನ್ನಲ್ಲ. 100 ಅಕ್ಷರದ ತುಂಡು ಸಿಕ್ಕಿತು, ಆದರೆ ಯಾವ ಅಕ್ಷರದ ಮೇಲೆ ಚುಕ್ಕೆಯಿದೆ ಎಂದು ಅದರಿಂದಲೇ ಹೇಳಲಾಗದು. ಪ್ರತಿಕಾಯ ತಪ್ಪು ಗುರುತನ್ನು ಹಿಡಿಯುವ ಅಪಾಯವೂ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೂರನೆಯ ದಾರಿ: ರಸಾಯನದಿಂದ ಬಾಯಿಬಿಡಿಸುವುದು

ನಕಲು ಮಾಡುವ ಕಿಣ್ವಕ್ಕೆ ಚುಕ್ಕೆ ಕಾಣುವುದಿಲ್ಲ ಎಂದಾದರೆ, ಕಾಣುವಂತೆ ಮಾಡೋಣ ಎಂಬುದು ಇಲ್ಲಿನ ಯೋಚನೆ. ಸ್ಯೂಡೋಯೂರಿಡಿನ್‌ಗೆ ಸಿಎಂಸಿ ಎಂಬ ರಾಸಾಯನಿಕ ಅಂಟಿಸುತ್ತಾರೆ. ಅದು ಬೇರೆ ಅಕ್ಷರಗಳಿಗೂ ಅಂಟುತ್ತದೆ. ಕ್ಷಾರದಲ್ಲಿ ತೊಳೆದರೆ ಅಲ್ಲಿಂದ ಬಿಟ್ಟುಹೋಗಿ, ಸ್ಯೂಡೋಯೂರಿಡಿನ್ ಮೇಲೆ ಮಾತ್ರ ಗಟ್ಟಿಯಾಗಿ ಉಳಿಯುತ್ತದೆ. ನಕಲು ಮಾಡುತ್ತಾ ಬಂದ ಕಿಣ್ವ ರಸ್ತೆಗೆ ಬಿದ್ದ ಮರದ ಮುಂದೆ ಬಸ್ಸು ನಿಂತಂತೆ ಅಲ್ಲಿ ನಿಲ್ಲುತ್ತದೆ. ಎಲ್ಲಿ ನಿಂತಿತೋ ಅದರ ಪಕ್ಕದಲ್ಲೇ ಗುರುತು ಇದೆ. ನಾನು ಹೇಳಿದ ಬ್ಯಾಕ್ಟೀರಿಯಾದ 2058ನೇ ‘ಎ’ ಮೇಲೆ ಎರಡು ಮೀಥೈಲ್ ಇದ್ದರೆ, ಯಾವ ರಾಸಾಯನಿಕವೂ ಬೇಡ, ಕಿಣ್ವ ತಾನಾಗಿಯೇ ಅಲ್ಲಿ ಮುಗ್ಗರಿಸುತ್ತದೆ. ಡಿ ಟೆಸ್ಟ್ ಪರೋಕ್ಷವಾಗಿ ಸೂಚಿಸಿದ ಚುಕ್ಕೆಯ ಜಾಗವನ್ನು ಹೀಗೆ ನೇರವಾಗಿ ಗುರುತಿಸಬಹುದು.

ಇನ್ನೊಂದು ಬಗೆ, ಚುಕ್ಕೆ ಇಲ್ಲದ ಅಕ್ಷರಗಳನ್ನೆಲ್ಲ ಬದಲಾಯಿಸಿಬಿಡುವುದು. ಬೈಸಲ್ಫೈಟ್ ಹಾಕಿದರೆ ಸಾಮಾನ್ಯ ‘ಸಿ’ ಅಕ್ಷರ ‘ಯು’ ಆಗುತ್ತದೆ. ಐದನೆಯ ಜಾಗದಲ್ಲಿ ಮೀಥೈಲ್ ಇರುವ ‘ಸಿ’ ಬದಲಾಗದೆ ಉಳಿಯುತ್ತದೆ. 2022ರಲ್ಲಿ ಚೀನಾದ ಪೀಕಿಂಗ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ‘ಎ’ ಅಕ್ಷರಕ್ಕೂ ಇಂಥದೇ ದಾರಿ ಪ್ರಕಟಿಸಿದರು. ಗ್ಲೋರಿ ಎಂಬ ಆ ವಿಧಾನದಲ್ಲಿ ಗ್ಲೈಆಕ್ಸಾಲ್ ಮತ್ತು ನೈಟ್ರೈಟ್ ಬಳಸಿದಾಗ ಸಾಮಾನ್ಯ ‘ಎ’ಗಳು ಬದಲಾಗಿ ಯಂತ್ರಕ್ಕೆ ‘ಜಿ’ ಎಂದು ಕಾಣುತ್ತವೆ. ‘ಎ’ ಎಂದೇ ಉಳಿದದ್ದು ಎಂ6ಎ. ಒಂದೊಂದು ಜಾಗದಲ್ಲಿ ನೂರಕ್ಕೆ ಎಷ್ಟು ಪ್ರತಿಗಳ ಮೇಲೆ ಚುಕ್ಕೆಯಿದೆ ಎಂಬುದನ್ನೂ ಎಣಿಸಬಹುದು.

ಇಲ್ಲೂ ಎಚ್ಚರ ಬೇಕು. ಆರ್‌ಎನ್‌ಎ ಮಡಚಿಕೊಳ್ಳುವ ಸ್ವಭಾವದ್ದು. ಮಡಿಕೆಯೊಳಗೆ ಅವಿತ ಸಾಮಾನ್ಯ ‘ಸಿ’ಗೆ ಬೈಸಲ್ಫೈಟ್ ತಲುಪದೆ ಹೋದರೆ ಅದೂ ಬದಲಾಗದೆ ಉಳಿದು, ಚುಕ್ಕೆ ಇದ್ದಂತೆ ನಟಿಸುತ್ತದೆ.

ನಾಲ್ಕನೆಯ ದಾರಿ: ನಕಲು ಇಲ್ಲದೆ ನೇರ ಓದುವುದು

ಇದು ನ್ಯಾನೋಪೋರ್ ವಿಧಾನ. ಪ್ರೋಟೀನಿನ ಒಂದು ಸೂಕ್ಷ್ಮ ರಂಧ್ರದ ಮೂಲಕ ಆರ್‌ಎನ್‌ಎಯ ದಾರವನ್ನೇ ಎಳೆಯುತ್ತಾರೆ. ರಂಧ್ರದಲ್ಲಿ ವಿದ್ಯುತ್ ಹರಿಯುತ್ತಿರುತ್ತದೆ. ಯಾವ ಅಕ್ಷರ ದಾಟುತ್ತಿದೆ ಎಂಬುದಕ್ಕೆ ತಕ್ಕಂತೆ ವಿದ್ಯುತ್ ಪ್ರವಾಹ ಏರಿಳಿಯುತ್ತದೆ. ಚುಕ್ಕೆ ಇರುವ ಅಕ್ಷರ ದಾಟಿದಾಗ ಏರಿಳಿತ ಸ್ವಲ್ಪ ಬೇರೆ. ಹೀಗೆ ಆರ್‌ಎನ್‌ಎಯನ್ನೇ ನೇರವಾಗಿ ಓದುವ ವಿಧಾನದ ವಿವರ 2018ರಲ್ಲಿ ಪ್ರಕಟವಾಯಿತು. ಅಂಗೈ ಮೇಲೆ ಹಿಡಿಯುವಷ್ಟು ಚಿಕ್ಕ ಯಂತ್ರಗಳೂ ಇವೆ.

ಆದರೆ ರಂಧ್ರದಲ್ಲಿ ಒಂದೇ ಸಲಕ್ಕೆ ಐದಾರು ಅಕ್ಷರಗಳು ಇರುತ್ತವೆ. ಬರುವ ಸಂಕೇತ ಅವೆಲ್ಲ ಸೇರಿ ಮಾಡಿದ ಸದ್ದು. ಅದನ್ನು ಬಿಡಿಸಿ ಓದಲು ಕಂಪ್ಯೂಟರಿಗೆ ತರಬೇತಿ ಕೊಡಬೇಕು. ತರಬೇತಿಗೆ ಕೊಟ್ಟ ಪಾಠ ತಪ್ಪಾದರೆ ಓದೂ ತಪ್ಪು. ಅಕ್ಷರ ಕಲಿಸಿದ ಮೇಷ್ಟ್ರೇ ಬೇ ತೋರಿಸಿ ಪೇ ಎಂದಿದ್ದರೆ ಮಗು ಏನು ಓದೀತು?

ಕಂಡದ್ದು ನಿಜವೇ?

ಎರಡನೆಯ ಪ್ರಶ್ನೆಗೆ ಬರೋಣ. 2016ರಲ್ಲಿ ಎಂ1ಎ ಎಂಬ ಗುರುತು, ಅಂದರೆ ‘ಎ’ ಅಕ್ಷರದ ಮೊದಲನೆಯ ಜಾಗದ ಮೀಥೈಲ್, ಸಾವಿರಾರು ಸಂದೇಶಗಳಲ್ಲಿ ಇದೆ ಎಂಬ ವರದಿ ಪ್ರತಿಷ್ಠಿತ ಪತ್ರಿಕೆಯಲ್ಲಿ ಬಂತು. ಹಿಡಿದು ತಂದದ್ದು ಪ್ರತಿಕಾಯ. ಗುರುತುಗಳು ಹೆಚ್ಚಾಗಿ ಸಂದೇಶದ ಆರಂಭದ ಕಡೆ ಕಂಡವು. 2017ರಲ್ಲಿ ಮತ್ತೊಂದು ಅಧ್ಯಯನ ಒಂದೊಂದು ಅಕ್ಷರವನ್ನೂ ಬಿಡಿಯಾಗಿ ನೋಡಿದಾಗ ಅಂಥ ಜಾಗಗಳು ಬಹಳ ಕಡಿಮೆ ಎಂದು ಕಂಡಿತು. ಬೇರೊಂದು ಅಧ್ಯಯನ ಕೆಲವು ನೂರು ಎಂದಿತು. ಯಾರ ಮಾತು ಸರಿ?

2019ರಲ್ಲಿ ಒಂದು ಕಾರಣ ಹೊರಬಂತು. ಪ್ರತಿ ಸಂದೇಶ ಆರ್‌ಎನ್‌ಎಯ ಆರಂಭದಲ್ಲಿ ಟೋಪಿಯಂಥ ಒಂದು ರಚನೆ ಇರುತ್ತದೆ. ಅದರಲ್ಲೂ ಒಂದು ಮೀಥೈಲ್ ಇದೆ, ಆದರೆ ‘ಜಿ’ ಅಕ್ಷರದ ಮೇಲೆ. ಎಂ1ಎ ಹಿಡಿಯಲೆಂದು ಬಳಸಿದ ಪ್ರತಿಕಾಯ ಈ ಟೋಪಿಯನ್ನೂ ಹಿಡಿಯುತ್ತಿತ್ತು. ಸಂದೇಶದ ಆರಂಭದಲ್ಲೇ ಗುರುತು ಕಂಡದ್ದೇಕೆ ಎಂಬುದಕ್ಕೆ ಉತ್ತರ ಸಿಕ್ಕಿತು.

ಇಲ್ಲಿ ಯಾರೂ ಮೋಸ ಮಾಡಿರಲಿಲ್ಲ. ಯಂತ್ರ ಸರಿಯಿತ್ತು, ಲೆಕ್ಕ ಸರಿಯಿತ್ತು, ದುಡಿದವರು ಪ್ರಾಮಾಣಿಕರು. ಆದರೂ ಸಾಕ್ಷಿ ಹೇಳಿದ ಪ್ರತಿಕಾಯ ಬೇರೊಬ್ಬನನ್ನು ತೋರಿಸಿತು. ಇದೇ ಗುರುತಿನ ಮತ್ತೊಂದು ಚೇಷ್ಟೆಯಿದೆ. ಎಂ1ಎಯನ್ನು ಕ್ಷಾರದಲ್ಲಿ ಕಾಯಿಸಿದರೆ ಅದು ತಾನೇ ಎಂ6ಎ ಆಗಿ ಬದಲಾಗುತ್ತದೆ. ಅಂದರೆ ನೋಡುವ ಕೆಲಸವೇ ನೋಡಬೇಕಾದ ವಸ್ತುವನ್ನು ಬದಲಿಸಬಲ್ಲದು.

ಹಾಗಾದರೆ ನಂಬುವುದು ಹೇಗೆ? ಈ ಕ್ಷೇತ್ರದಲ್ಲಿ ಇಂದು ಒಪ್ಪಿಕೊಂಡಿರುವ ಕೆಲವು ಪರೀಕ್ಷೆಗಳಿವೆ. ಗುರುತು ಹಾಕುವ ಕಿಣ್ವವನ್ನೇ ಜೀವಕೋಶದಿಂದ ತೆಗೆದುಬಿಡುವುದು ಒಂದು. ಎಂ6ಎ ಹಾಕುವ ಮುಖ್ಯ ಕಿಣ್ವ ಮೆಟಲ್3. ಅದನ್ನು ತೆಗೆದ ಮೇಲೂ ಗುರುತು ಅಷ್ಟೇ ಕಾಣುತ್ತಿದ್ದರೆ ನಾವು ನೋಡುತ್ತಿರುವುದು ಅದು ಹಾಕಿದ ಗುರುತನ್ನಲ್ಲ. ಎರಡನೆಯದು, ಅದೇ ಅಕ್ಷರಗಳ ಆರ್‌ಎನ್‌ಎಯನ್ನು ಯಾವ ಚುಕ್ಕೆಯೂ ಇಲ್ಲದೆ ಕೊಳವೆಯಲ್ಲಿ ತಯಾರಿಸಿ ಅದೇ ವಿಧಾನದಲ್ಲಿ ಓದುವುದು. ಚುಕ್ಕೆ ಇಲ್ಲದ ಕಡೆ ವಿಧಾನ ಎಷ್ಟು ಸಲ ಚುಕ್ಕೆ ‘ಕಾಣುತ್ತದೆ’ ಎಂಬುದೇ ಅದರ ಸುಳ್ಳಿನ ಲೆಕ್ಕ. ಮೂರನೆಯದು, ಎಲ್ಲಿ ಎಷ್ಟು ಗುರುತು ಹಾಕಿದ್ದೇವೆ ಎಂದು ನಮಗೆ ಮೊದಲೇ ಗೊತ್ತಿರುವ ಕೃತಕ ಆರ್‌ಎನ್‌ಎಯನ್ನು ಬೆರೆಸಿ, ವಿಧಾನ ಅದನ್ನು ಹಿಡಿಯುತ್ತದೆಯೇ ಎಂದು ನೋಡುವುದು. ನಾಲ್ಕನೆಯದು, ಬೇರೆಯೇ ತತ್ವದ ಇನ್ನೊಂದು ವಿಧಾನದಿಂದ ಅದೇ ಉತ್ತರ ಬರುವುದು. ತಕ್ಕಡಿ ಹೇಳಿದ್ದನ್ನು ರಸಾಯನವೂ ಹೇಳಬೇಕು.

ದಾನಿಗಳಿಗೆ ಇದು ಹೊಸದಲ್ಲ. ಇಂಥ ಸಂಸ್ಥೆಗಳ ವಾರ್ಷಿಕ ವರದಿಯಲ್ಲಿ ಲೆಕ್ಕಪತ್ರದ ಕೆಳಗೆ ಹೊರಗಿನ ಲೆಕ್ಕಪರಿಶೋಧಕರ ಸಹಿ ಇರುತ್ತದೆ. ಲೆಕ್ಕ ಬರೆದವರ ಮೇಲೆ ಅನುಮಾನವಿದೆ ಎಂದಲ್ಲ. ಬರೆದವರೇ ಪರಿಶೀಲಿಸಿದರೆ ಸಾಲದು ಎಂಬ ನಿಯಮವಿದೆ, ಅಷ್ಟೆ. ಪ್ರಯೋಗಾಲಯದ ಸಮಯ ಮತ್ತು ಹಣದ ಬಹುದೊಡ್ಡ ಪಾಲು ಹೋಗುವುದು ಇಂಥ ಪರಿಶೀಲನೆಗೆ. ಹೊರಗಿನವರಿಗೆ ಅದರಲ್ಲಿ ಹೊಸತೇನೂ ಕಾಣುವುದಿಲ್ಲ. ‘ಮೂರು ವರ್ಷ ಏನು ಮಾಡಿದಿರಿ?’ ಎಂದು ಕೇಳಿದರೆ, ‘ಕಂಡದ್ದು ನಿಜವೇ ಎಂದು ನೋಡುತ್ತಿದ್ದೆವು’ ಎಂಬುದೇ ಎಷ್ಟೋ ಸಲ ಸರಿಯಾದ ಉತ್ತರ.

ಇದರ ಮೇಲೆ ಏನು ನಿಂತಿದೆ?

ಕುರುವಿನ ಮಗುವಿಗೆ ಯಾವ ಔಷಧಿ ಎಂಬುದು ಇದರ ಮೇಲೆ ನಿಂತಿದೆ. ಮೆಟಲ್3 ಕಿಣ್ವವನ್ನು ತಡೆಯುವ ಒಂದು ಔಷಧಿಯನ್ನು ಕ್ಯಾನ್ಸರ್ ರೋಗಿಗಳ ಮೇಲೆ ಪರೀಕ್ಷಿಸುವ ಕೆಲಸ ಈಗಾಗಲೇ ಶುರುವಾಗಿದೆ. ಔಷಧಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಎಂ6ಎ ಕಡಿಮೆಯಾಯಿತೇ ಎಂದು ಅಳೆಯಬೇಕು. ಅಳತೆ ತಪ್ಪಿದರೆ ಅದರ ಬೆಲೆ ತೆರುವವರು ರೋಗಿಗಳು.

ನಾವೆಲ್ಲ ಬಲ್ಲ ಇನ್ನೊಂದು ಉದಾಹರಣೆ ಕೋವಿಡ್ ಲಸಿಕೆ. ಹೊರಗಿನಿಂದ ಆರ್‌ಎನ್‌ಎ ಹಾಕಿದರೆ ದೇಹ ಅದನ್ನು ಶತ್ರು ಎಂದು ತಿಳಿದು ಉರಿಯೂತ ಎಬ್ಬಿಸುತ್ತಿತ್ತು. ಕತಾಲಿನ್ ಕರಿಕೊ ಮತ್ತು ಡ್ರೂ ವೈಸ್‌ಮನ್ ಒಂದು ಸಂಗತಿ ಗಮನಿಸಿದರು. ಬ್ಯಾಕ್ಟೀರಿಯಾದ ಆರ್‌ಎನ್‌ಎಯಲ್ಲಿ ಗುರುತುಗಳು ಕಡಿಮೆ, ಅದು ಉರಿಯೂತ ಎಬ್ಬಿಸುತ್ತದೆ. ಸಸ್ತನಿಗಳ ಆರ್‌ಎನ್‌ಎಯಲ್ಲಿ ಗುರುತುಗಳು ಹೆಚ್ಚು, ಅದು ಅಷ್ಟಾಗಿ ಎಬ್ಬಿಸುವುದಿಲ್ಲ. ಹಾಗಾದರೆ ಚುಕ್ಕೆಯೇ ‘ನಮ್ಮವರು’ ಎಂಬ ಗುರುತಿನ ಚೀಟಿ ಇರಬಹುದಲ್ಲವೇ? ಸ್ಯೂಡೋಯೂರಿಡಿನ್‌ನಂಥ ಗುರುತುಗಳನ್ನು ಹಾಕಿದ ಆರ್‌ಎನ್‌ಎ ದೇಹದ ಕಾವಲನ್ನು ಕೆರಳಿಸುವುದಿಲ್ಲ ಎಂದು 2005ರಲ್ಲಿ ತೋರಿಸಿದರು. ಫೈಜರ್ ಮತ್ತು ಮಾಡರ್ನಾ ಕಂಪನಿಗಳ ಕೋವಿಡ್ ಲಸಿಕೆಗಳಲ್ಲಿ ‘ಯು’ ಇರಬೇಕಾದ ಕಡೆಯೆಲ್ಲ ಬಳಸಿದ್ದು ಸ್ಯೂಡೋಯೂರಿಡಿನ್‌ನದೇ ಒಂದು ರೂಪ. 2023ರಲ್ಲಿ ಅವರಿಬ್ಬರಿಗೂ ನೊಬೆಲ್ ಬಂತು.

ಲೆಕ್ಕ ಹಾಕಿ ನೋಡಿ. 1951ರಲ್ಲಿ ಹೆಸರಿಲ್ಲದ ಒಂದು ವಸ್ತು ಕಂಡಿತು. ಅದರ ಪ್ರಯೋಜನ ಲೋಕಕ್ಕೆ ತಲುಪಿದ್ದು 2020ರ ಕೊನೆಗೆ. ನಡುವೆ ಸುಮಾರು 70 ವರ್ಷ. ಆ ವಸ್ತುವನ್ನು ಮೊದಲು ಕಂಡವರು ಅದನ್ನು ಕೊಳೆ ಎಂದು ಚೆಲ್ಲಿಬಿಡಬಹುದಿತ್ತು. ಅವರು ಬರೆದಿಟ್ಟರು.

ಮಕ್ಕಳಿಗೆ ಮತ್ತು ಮನೆಯವರಿಗೆ

ಈ ಕೆಲಸಕ್ಕೆ ಯಾರು ಬೇಕು ಎಂದು ವಿದ್ಯಾರ್ಥಿಗಳು ಕೇಳಬಹುದು. ಜೀವಶಾಸ್ತ್ರ ಓದಿದವರು ಮಾತ್ರ ಎಂದು ತಿಳಿಯಬೇಡಿ. ಬೈಸಲ್ಫೈಟ್, ಗ್ಲೈಆಕ್ಸಾಲ್ ಕೆಲಸ ರಸಾಯನಶಾಸ್ತ್ರದವರದು. ಮಾಸ್ ಸ್ಪೆಕ್ಟ್ರೋಮೀಟರ್, ನ್ಯಾನೋಪೋರ್ ಯಂತ್ರಗಳ ಹಿಂದೆ ಭೌತಶಾಸ್ತ್ರ ಇದೆ. ಸಂಕೇತ ಬಿಡಿಸುವುದು ಕಂಪ್ಯೂಟರ್ ಕಲಿತವರ ಕೆಲಸ. ನಿಜವಾದ ಗುರುತು ಯಾವುದು, ಆಕಸ್ಮಿಕ ಯಾವುದು ಎಂದು ಹೇಳುವುದು ಸಂಖ್ಯಾಶಾಸ್ತ್ರ. ಪಿಯುಸಿಯಲ್ಲಿ ವೈದ್ಯಕೀಯ ಸೀಟು ಸಿಗದ ಮಗು ದಾರಿ ಮುಗಿಯಿತು ಎಂದು ಕೂರಬಾರದು. ಬಿಎಸ್ಸಿ ರಸಾಯನಶಾಸ್ತ್ರದಿಂದಲೂ ಇಲ್ಲಿಗೆ ದಾರಿ ಇದೆ.

ಪೋಷಕರಿಗೆ ಹಣದ ವಿಷಯ ಸ್ಪಷ್ಟವಾಗಿ ಹೇಳುವುದು ಒಳ್ಳೆಯದು. ಎಂಎಸ್ಸಿ ನಂತರ ಸಿಎಸ್ಐಆರ್-ಯುಜಿಸಿ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಅರ್ಹತೆ ಪಡೆದು ಪಿಎಚ್‌ಡಿಗೆ ಸೇರಿದವರಿಗೆ ಸರ್ಕಾರ ಸಂಶೋಧನಾ ವೇತನ ಕೊಡುತ್ತದೆ. 2023ರ ಜನವರಿಯಿಂದ ಅದು ತಿಂಗಳಿಗೆ 37,000 ರೂಪಾಯಿ ಆಯಿತು, ಮನೆ ಬಾಡಿಗೆ ಭತ್ಯೆ ಬೇರೆ. ಬಯೋಟೆಕ್ನಾಲಜಿ ಎಂಎಸ್ಸಿ ಸೇರಲು ಗ್ಯಾಟ್-ಬಿ ಎಂಬ ಪ್ರವೇಶ ಪರೀಕ್ಷೆಯಿದೆ. ಐಐಟಿಗಳಲ್ಲಿ ಎಂಎಸ್ಸಿ ಓದಲು ಜಾಮ್ ಪರೀಕ್ಷೆಯಿದೆ. ಡಿಗ್ರಿಯಲ್ಲಿದ್ದಾಗಲೇ ಬೇಸಿಗೆ ರಜೆಯಲ್ಲಿ ದೊಡ್ಡ ಪ್ರಯೋಗಾಲಯದಲ್ಲಿ ಕೆಲಸ ಕಲಿಯಲು ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಮತ್ತು ಇತರ ಎರಡು ರಾಷ್ಟ್ರೀಯ ಅಕಾಡೆಮಿಗಳು ಸೇರಿ ಬೇಸಿಗೆ ಫೆಲೋಶಿಪ್ ಕೊಡುತ್ತವೆ. ಪ್ರಕಟಣೆಗಳ ದಿನಾಂಕ ನೋಡುತ್ತಿರಿ, ಕಾಲೇಜಿನ ಅಧ್ಯಾಪಕರನ್ನು ಕೇಳಿ. ಹೆಣ್ಣುಮಕ್ಕಳ ತಂದೆ ತಾಯಂದಿರಿಗೆ ವಿಶೇಷವಾಗಿ ಹೇಳುತ್ತೇನೆ: ಓದು ಮುಗಿಯುವ ಮೊದಲೇ ನಿಲ್ಲಿಸಬೇಡಿ. ಈ ಕೆಲಸ ಕೇಳುವುದು ತಾಳ್ಮೆ ಮತ್ತು ನಿಖರತೆಯನ್ನು. ಅದು ನಿಮ್ಮ ಮಗಳಲ್ಲಿ ಇದೆ ಎಂದು ಅವಳ ನೋಟ್‌ಬುಕ್ಕು ನೋಡಿದರೇ ಗೊತ್ತಾಗುತ್ತದೆ.

ವಿದ್ಯಾರ್ಥಿಗಳೇ, ಕಾಲೇಜಿನ ಪ್ರಾಕ್ಟಿಕಲ್‌ನಲ್ಲಿ ಪುಸ್ತಕದ ಉತ್ತರ ಬರದಿದ್ದಾಗ ಪಕ್ಕದವರ ರೀಡಿಂಗ್ ನೋಡಿ ಬರೆದುಕೊಳ್ಳುವ ಅಭ್ಯಾಸ ಎಲ್ಲ ಕಡೆಯೂ ಇದೆ. ಅದನ್ನು ಇಂದೇ ಬಿಡಿ. ನಿಮಗೆ ಬಂದ ಸಂಖ್ಯೆಯನ್ನೇ ಬರೆಯಿರಿ. ಯಾಕೆ ಹಾಗೆ ಬಂತು ಎಂದು ಮೇಡಮ್ಮನ್ನೋ ಸಾರನ್ನೋ ಕೇಳಿ. ಮತ್ತೊಮ್ಮೆ ಮಾಡಿ ನೋಡಿ. ಎರಡು ಅಂಕ ಹೋದರೂ ಚಿಂತೆಯಿಲ್ಲ. ನಾಳೆ ನೀವು ಬರೆಯುವ ಸಂಖ್ಯೆಯನ್ನು ನಂಬಿ ಒಬ್ಬ ವೈದ್ಯರು ಔಷಧಿ ಬರೆಯುತ್ತಾರೆ.

 ಪ್ರಶ್ನೆಗಳಿದ್ದರೆ ಊಟದ ವೇಳೆಯಲ್ಲಿ ಇಲ್ಲೇ ಇರುತ್ತೇನೆ, ಬಂದು ಕೇಳಿ.